ಹಾಲುಹಲ್ಲಿನ ಆರೈಕೆಯೂ ಅಂಗನವಾಡಿ ಕಾರ್ಯಕರ್ತೆಯೂ

“ಹಾಲುಹಲ್ಲು ತಾನೆ, ಹೇಗೂ ಬಿದ್ದುಹೋಗುವುದು” ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿದೆ. ಇದು ಅರ್ಧ ಸತ್ಯವಷ್ಟೆ. ದವಡೆಯ ಹಾಲುಹಲ್ಲುಗಳು ಹತ್ತು ಹನ್ನೊಂದು ವರ್ಷಗಳವರೆಗೂ ಬಾಯಲ್ಲಿದ್ದು, ಮುಂದೆ ಬರತಕ್ಕ ಹಲ್ಲುಗಳಿಗೆ ಸ್ಥಳವನ್ನು ಕಾದಿಡುತ್ತವೆ. ಅವು ಅಕಾಲದಲ್ಲಿ ಹೋದರೆ ಪಕ್ಕದ ಹಲ್ಲು ವಾಲಿ, ಹೊಸ ಹಲ್ಲು ಸೊಟ್ಟಗೆ ಹುಟ್ಟುವ ಸಂಭವವುಂಟು. ಹಲ್ಲುನೋವಿನಿಂದ ನರಳುವ ಮಗು ಸರಿಯಾಗಿ ಉಣ್ಣದು, ನಿದ್ರಿಸದು, ಪಾಠದಲ್ಲಿ ಮನಸ್ಸಿಡದು.

ಮೊದಲ ಹಲ್ಲು ಸುಮಾರು ಆರನೆಯ ತಿಂಗಳಿನಲ್ಲಿ ಮೂಡುತ್ತದೆ. ಸುಮಾರು ಮೂರು ವರ್ಷಗಳಾಗುವಾಗ ಇಪ್ಪತ್ತು ಹಲ್ಲುಗಳೂ ಬಂದಿರುತ್ತವೆ. ಈ ಕಾಲದಲ್ಲಿ ಹಳ್ಳಿಯ ತಾಯಿ ದಂತವೈದ್ಯರನ್ನು ಕಾಣುವುದು ಅಪೂರ್ವ. ಅಂಗನವಾಡಿ ಕಾರ್ಯಕರ್ತೆಯನ್ನಾದರೋ ಮತ್ತೆ ಮತ್ತೆ ಕಾಣುತ್ತಾಳೆ. 1975ರ ಅಕ್ಟೋಬರ್ 2ರಂದು ದೇಶದ 33 ಕ್ಷೇತ್ರಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಂದಿನಿಂದ ಮಗುವಿನ ತೂಕ, ಪೌಷ್ಟಿಕ ಆಹಾರ, ಚುಚ್ಚುಮದ್ದುಗಳ ವಿಚಾರವನ್ನು ತಾಯಂದಿರಿಗೆ ತಿಳಿಸುತ್ತಿರುವವಳು ಅವಳೇ. ಹಲ್ಲಿನ ವಿಷಯವನ್ನೂ ಅವಳಿಗೆ ಕಲಿಸಿದರೆ ರೋಗಕ್ಕೆ ಮೊದಲೇ ತಿಳಿವಳಿಕೆ ಮನೆ ಸೇರುವುದು.

ಅವಳು ಕಲಿಯತಕ್ಕದ್ದೇನು? ಮೊದಲನೆಯದು ಕಾರಣ. ‘ಹುಳುಕು’ ಎಂಬ ಹೆಸರಿನಿಂದಾಗಿ ಹಲ್ಲನ್ನು ಹುಳು ತಿನ್ನುವುದೆಂದು ಹಲವರು ನಂಬಿದ್ದಾರೆ. ನಿಜವಾಗಿ ಅಲ್ಲಿ ಹುಳುವಿಲ್ಲ. ಬಾಯಲ್ಲಿರುವ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಆದುದರಿಂದ ಎಷ್ಟು ಸಿಹಿ ತಿಂದೆವೆಂಬುದರಂತೆಯೇ ಎಷ್ಟು ಸಲ ತಿಂದೆವೆಂಬುದೂ ಮುಖ್ಯ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸುವುದು ಹಾನಿಕರ.

ಎರಡನೆಯದು ಪರೀಕ್ಷೆ. ಮಗುವಿನ ಮೇಲ್ದುಟಿಯನ್ನು ಮೆಲ್ಲನೆ ಎತ್ತಿ ನೋಡಬೇಕು. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿಯ ಗೆರೆ ಕಂಡರೆ ಅದು ಹುಳುಕಿನ ಆರಂಭ. ಆ ಹಂತದಲ್ಲಿ ಅದನ್ನು ತಡೆಯಬಹುದು.

ಮೂರನೆಯದು ಶುಚಿತ್ವ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅನಂತರ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ದಿನಕ್ಕೆರಡು ಸಲ, ಅದರಲ್ಲಿ ಒಂದು ಸಲ ಮಲಗುವ ಮುನ್ನ, ಹಿರಿಯರೇ ಉಜ್ಜಿಸಬೇಕು. ಏಳೆಂಟು ವರ್ಷಗಳವರೆಗೂ ಈ ನೆರವು ಬೇಕು.

ನಾಲ್ಕನೆಯದನ್ನು ತಂದೆತಾಯಂದಿರು ವಿಶೇಷವಾಗಿ ಗಮನಿಸಬೇಕು. ಸುಮಾರು ಆರನೆಯ ವರ್ಷದಲ್ಲಿ ಹಾಲುಹಲ್ಲುಗಳ ಹಿಂದೆ ಒಂದೊಂದು ದವಡೆಹಲ್ಲು ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳದ ಕಾರಣ ಅದನ್ನೂ ಹಾಲುಹಲ್ಲೆಂದೇ ಭಾವಿಸುವವರುಂಟು. ಅದು ಶಾಶ್ವತವಾದುದು, ಕಳೆದುಕೊಂಡರೆ ಮತ್ತೆ ಬಾರದು.

ತರಬೇತಿಯೆಂದರೆ ಇವನ್ನು ಕಂಠಪಾಠ ಮಾಡಿಸುವುದಲ್ಲ. ಹೇಳುವ ಬಗೆಯನ್ನೂ ಕಲಿಸಬೇಕು. ಗದರಿಸಿದ ತಾಯಿ ಮತ್ತೆ ಪ್ರಶ್ನೆ ಕೇಳಳು. ಮನೆಯ ರೂಢಿಯನ್ನು ಮೊದಲು ವಿಚಾರಿಸಿ, ಆಕೆಗೆ ಸಾಧ್ಯವಾದ ಒಂದು ಬದಲಾವಣೆಯನ್ನು ಸೂಚಿಸುವುದು ಲೇಸು. ಕಾಸರಗೋಡಿನಂಥ ಗಡಿನಾಡಿನಲ್ಲಿ ತರಬೇತಿ ಮಲಯಾಳದಲ್ಲಿ ನಡೆದರೂ ಸಲಹೆ ಮಾತ್ರ ಕನ್ನಡವೋ ತುಳುವೋ, ತಾಯಿಯ ಮನೆಮಾತಿನಲ್ಲೇ ತಲುಪಬೇಕು. ಅರ್ಥವಾಗದ ಹಿತವಚನದಿಂದ ಫಲವಿಲ್ಲ. ಊರಿನ ಸ್ಥಿತಿಯನ್ನೂ ತಿಳಿದಿರಬೇಕು. ಅನಂತಪುರ ಸೀಮೆಯಂತೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿರುವೆಡೆ ಹಲ್ಲಿನ ಮೇಲೆ ಕಂದು ಕಲೆಗಳಾಗುತ್ತವೆ. ಅವು ಹುಳುಕಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಅಲ್ಲಿ ಕುಡಿಯುವ ನೀರನ್ನೇ ವಿಚಾರಿಸಬೇಕು.

ಕಾರ್ಯಕರ್ತೆ ವೈದ್ಯಳಲ್ಲವೆಂಬುದನ್ನೂ ಮರೆಯಲಾಗದು. ನೋವು, ಬಾವು, ಕೀವು ಕಂಡಲ್ಲಿ ಮಗುವನ್ನು ಆಸ್ಪತ್ರೆಗೆ ಕಳುಹಿಸುವುದೇ ಅವಳ ಕರ್ತವ್ಯ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಪುಟ್ಟ ತಮ್ಮತಂಗಿಯರಿದ್ದರೆ ಈ ರಾತ್ರಿಯೇ ಅವರ ತುಟಿಯೆತ್ತಿ ನೋಡಲು ತಾಯಿಗೆ ಹೇಳಿರಿ. ಬಿಳಿಯ ಗೆರೆ ಕಂಡರೆ ತಡಮಾಡದೆ ದಂತವೈದ್ಯರಲ್ಲಿಗೆ ಕರೆದೊಯ್ಯಲಿ.