ಎಚ್‌ಐವಿಯೊಂದಿಗೆ ಬದುಕುವ ಮಹಿಳೆಯರಿಗೆ ಬೆಂಬಲ ಗುಂಪು

ಬೆಂಬಲ ಗುಂಪು ಎಂದರೆ ಎಚ್‌ಐವಿ ಸೋಂಕಿರುವ ಎಂಟು-ಹತ್ತು ಹೆಂಗಸರು ನಿಗದಿತ ದಿನ ಒಂದೆಡೆ ಕೂತು ಔಷಧ, ಮಕ್ಕಳು, ಮನೆ, ದುಡಿಮೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡುವ ಕೂಟ. ಬಾಗಲಕೋಟೆ ಜಿಲ್ಲೆಯ ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಸೀಮೆಗೆ ಇದರ ಅಗತ್ಯ ದೊಡ್ಡದು. 2003ರ ಸುಮಾರಿಗೆ ಈ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 3ರ ಸಮೀಪ ಜನರಲ್ಲಿ ಸೋಂಕು ಕಂಡಿತ್ತು. ದೇಶದ ಈಗಿನ ಪ್ರಮಾಣ ಶೇ. 0.2ರ ಆಸುಪಾಸಿನಲ್ಲಿದೆ. ಇಲ್ಲಿನ ಅನೇಕ ಹೆಂಗಸರಿಗೆ ಸೋಂಕು ತಗುಲಿದ್ದು ಮದುವೆಯೊಳಗೆ, ಗಂಡನಿಂದ. ಆದರೂ ಗಂಡ ತೀರಿಕೊಂಡ ಮೇಲೆ ದೂರು ಬರುವುದು ಹೆಂಡತಿಯ ಮೇಲೆಯೇ. ಇದು ಘೋರ ಅನ್ಯಾಯ.

ಗಂಡಸರೂ ಇರುವ ಸಭೆಯಲ್ಲಿ ಬಸಿರು, ಬಾಣಂತನ, ಅತ್ತೆಮನೆಯ ಸಂಕಟಗಳ ಮಾತು ಹೊರಬರುವುದು ಕಷ್ಟ. ಸೋಂಕಿತ ಮಹಿಳೆಯರು 1998ರಲ್ಲಿ ಚೆನ್ನೈನಲ್ಲಿ ಪಿ. ಕೌಸಲ್ಯ ಅವರ ಮುಂದಾಳತ್ವದಲ್ಲಿ ತಮ್ಮದೇ ಜಾಲ ಕಟ್ಟಿಕೊಂಡರು. ಹತ್ತಿರದ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರು 1997ರಲ್ಲಿ ಕಟ್ಟಿದ 'ಮಾಸ್' ಸಂಸ್ಥೆ ಎಚ್‌ಐವಿಗೆಂದೇ ಹುಟ್ಟಿದ್ದಲ್ಲ. ಆದರೆ ಕಳಂಕ ಹೊತ್ತ ಹೆಂಗಸರು ತಾವೇ ಸಂಘಟಿತರಾಗಬಲ್ಲರು ಎಂಬುದನ್ನು ಈ ಸೀಮೆಗೆ ತೋರಿಸಿಕೊಟ್ಟಿತು.

ಗುಂಪು ಕಟ್ಟುವ ಕೆಲಸ ಶುರುವಾಗಬೇಕಾದ್ದು ಆಸ್ಪತ್ರೆಯ ಆಪ್ತ ಸಮಾಲೋಚಕರಿಂದ. ಅವರು ಯಾರ ಹೆಸರನ್ನೂ ಹೊರಗೆ ಕೊಡುವಂತಿಲ್ಲ. ಗುಂಪಿನ ಸುದ್ದಿ ತಿಳಿಸಬಹುದು, ಬರುವ ತೀರ್ಮಾನ ಆ ಹೆಂಗಸಿನದೇ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧ ಪಡೆಯುವ ದಿನವೇ ಸಭೆ ಇಟ್ಟರೆ ಬಸ್ಸಿನ ಖರ್ಚು ಉಳಿಯುತ್ತದೆ, ಮನೆಯಲ್ಲಿ ಇನ್ನೊಂದು ನೆಪ ಹೇಳಬೇಕಿಲ್ಲ. ನೇಕಾರರ ಮನೆಗಳಲ್ಲಿ ಮಗ್ಗದ ಕೆಲಸ ಬಿಟ್ಟು ಬರುವವರಿಗೆ ಅರ್ಧ ದಿನದ ಕೂಲಿ ಕಳೆದುಕೊಳ್ಳುವುದೂ ಭಾರವೇ. ಹಾಗಾಗಿ ಸಭೆ ಎರಡು ತಾಸು ಮೀರಬಾರದು. ಓಣಿ ಓಣಿಯವರೂ ಒಬ್ಬರನ್ನೊಬ್ಬರು ಬಲ್ಲ ಬನಹಟ್ಟಿಯಂಥ ಊರಿನಲ್ಲಿ ಕೆಲವರು ಪಕ್ಕದ ಊರಿನ ಸಭೆಗೆ ಹೋಗಲು ಬಯಸುತ್ತಾರೆ. ಆ ಅವಕಾಶ ಇರಲೇಬೇಕು. ಬಾಗಿಲಿಗೆ ಎಚ್‌ಐವಿ ಫಲಕ ಬೇಡ, ಫೋಟೊ ಬೇಡ, ಕೇಳಿದ ಮಾತು ಹೊರಗೆ ಹೋಗಕೂಡದು. ಗುಟ್ಟು ಒಮ್ಮೆ ಒಡೆದರೆ ಮತ್ತೆ ಯಾರೂ ಬರುವುದಿಲ್ಲ.

ಸಭೆ ನಡೆಸುವವಳು ಸೋಂಕಿನೊಂದಿಗೆ ಬದುಕುತ್ತಿರುವವಳೇ ಆದರೆ ಮಾತಿಗೆ ತೂಕ ಬರುತ್ತದೆ. ಗುಳಿಗೆ ದಿನವೂ ನುಂಗಬೇಕು ಎಂದು ವೈದ್ಯರು ಹೇಳುತ್ತಾರೆ. ಅತ್ತೆಯ ಕಣ್ಣು ತಪ್ಪಿಸಿ ಎಲ್ಲಿಡಬೇಕೆಂದು ಹೇಳಿಕೊಡುವವಳು ಇನ್ನೊಬ್ಬ ಸೊಸೆಯೇ. ಗುಳಿಗೆ ತಪ್ಪಬಾರದೆನ್ನಲು ಇನ್ನೊಂದು ಕಾರಣವೂ ಇದೆ: ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ಶೇ. 15ರಿಂದ 45; ಸರಿಯಾದ ಚಿಕಿತ್ಸೆಯಿಂದ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಈ ಸೋಂಕಿರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಅಪಾಯ ಸುಮಾರು ಆರು ಪಟ್ಟು ಹೆಚ್ಚು. ಆದ್ದರಿಂದ ಅದರ ತಪಾಸಣೆಗೆ, ಕ್ಷಯದ ಪರೀಕ್ಷೆಗೆ ಒಬ್ಬರ ಜೊತೆ ಇನ್ನೊಬ್ಬರು ಹೋಗುವುದೂ ಗುಂಪಿನ ಕೆಲಸ.

ವಿಧವಾ ವೇತನ, ರೇಷನ್ ಕಾರ್ಡ್, ಗಂಡನ ಆಸ್ತಿಯಲ್ಲಿ ಪಾಲು ಇವೂ ಚರ್ಚೆಗೆ ಬರುತ್ತವೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ-ಏಡ್ಸ್ ಕಾಯ್ದೆ ಸೋಂಕಿತ ಮಹಿಳೆಯನ್ನು ವಾಸದ ಮನೆಯಿಂದ ಹೊರಹಾಕುವುದನ್ನು ತಡೆಯುತ್ತದೆ. ಒಪ್ಪಿಗೆಯಿಲ್ಲದೆ ಅವಳ ಸೋಂಕಿನ ವಿಷಯ ಬಯಲು ಮಾಡುವುದನ್ನೂ ನಿಷೇಧಿಸುತ್ತದೆ. ಉಳಿತಾಯ, ಸಾಲದ ವ್ಯವಹಾರವನ್ನು ಆರಂಭದಲ್ಲೇ ಬೆರೆಸದಿರುವುದು ಲೇಸು. ಹಣದ ಜಗಳದಲ್ಲಿ ಗುಟ್ಟು ಹೊರಬೀಳುವ ಭಯವಿದೆ.

ಸಂಘದ ನೋಂದಣಿಗೂ ಅವಸರ ಬೇಡ. ನೋಂದಾಯಿಸಿದರೆ ಅನುದಾನದ ದಾರಿ ಸುಲಭವಾಗುತ್ತದೆ, ಆದರೆ ಪದಾಧಿಕಾರಿಗಳ ಹೆಸರು, ವಿಳಾಸ ಸರ್ಕಾರಿ ಕಾಗದಕ್ಕೆ ಏರುತ್ತವೆ. ಹೆಸರು ಹೊರಗೆ ಬಂದರೂ ಅಡ್ಡಿಯಿಲ್ಲ ಎಂದು ತಾವಾಗಿ ಒಪ್ಪಿದವರು ಮಾತ್ರ ಆ ಹುದ್ದೆಗಳನ್ನು ವಹಿಸಬೇಕು. ಅಂಥವರು ಸಿಗುವವರೆಗೆ ಗುಂಪು ನೋಂದಣಿಯಿಲ್ಲದೆಯೇ ನಡೆಯಬಹುದು.