ಪ್ಯಾಕೆಟ್ ಬಿದ್ದದ್ದೆಲ್ಲಿ?

ಕಳಸ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ತೋಟದ ಮನೆಗಳಿಗೆ ಫೈಬರ್ ಬಂದ ಮೇಲೆ ದೂರಿನ ಸ್ವರೂಪವೇ ಬದಲಾಗಿದೆ. ಮೊದಲು ‘ನೆಟ್ ಇಲ್ಲ’ ಎನ್ನುತ್ತಿದ್ದರು. ಈಗ ನೆಟ್ ಇದೆ, ಸ್ಪೀಡ್ ಟೆಸ್ಟ್ ಮಾಡಿದರೆ 50 ಎಂಬಿಪಿಎಸ್ ಎಂದು ತೋರಿಸುತ್ತದೆ. ಬೆಂಗಳೂರಿನ ಆಫೀಸಿನ ಮೀಟಿಂಗಿಗೆ ಕೂತರೆ ಮಾತ್ರ ಎದುರಿನವರ ಮಾತು ತುಂಡು ತುಂಡಾಗಿ ಬರುತ್ತದೆ. ಕಂಪನಿಗೆ ಫೋನ್ ಮಾಡಿದರೆ ‘ಸ್ಪೀಡ್ ಸರಿಯಾಗೇ ಇದೆಯಲ್ಲ ಸಾರ್, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ವೇಗದ ಮಾತಾಡುತ್ತಿದ್ದಾರೆ, ಇನ್ನೊಬ್ಬರು ನಷ್ಟದ ಮಾತಾಡುತ್ತಿದ್ದಾರೆ.

ಇಂಟರ್ನೆಟ್ಟಿನಲ್ಲಿ ಯಾವುದೂ ಇಡಿಯಾಗಿ ಸಾಗುವುದಿಲ್ಲ. ಫೋಟೊ, ಮಾತು, ಬ್ಯಾಂಕಿನ ಲೆಕ್ಕ ಎಲ್ಲವೂ ಸಾಮಾನ್ಯವಾಗಿ 1500 ಬೈಟ್ ಮೀರದ ತುಣುಕುಗಳಾಗಿ, ಒಂದೊಂದೂ ತನ್ನ ವಿಳಾಸ ಹೊತ್ತು ಹೊರಡುತ್ತವೆ. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್, ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಈ ಉಪಾಯಕ್ಕೆ ಬಂದರು. ದಾರಿಯ ನಡುವೆ ತುಣುಕೊಂದು ಕಳೆದುಹೋದರೆ ಜಾಲ ಅದಕ್ಕೆ ಹೊಣೆಯಲ್ಲ. ಕಳೆದದ್ದನ್ನು ಗಮನಿಸಿ ಮತ್ತೆ ಕೇಳುವ ಕೆಲಸ ಎರಡು ತುದಿಯ ಯಂತ್ರಗಳದ್ದು. ಹಾಗೆ ಕಳೆದುಹೋಗುವುದೇ ಪ್ಯಾಕೆಟ್ ಲಾಸ್.

ಮಾತಿನ ಕರೆಯಲ್ಲಿ ಮತ್ತೆ ಕೇಳಲು ಪುರುಸೊತ್ತಿಲ್ಲ. ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ಟಿನಂತೆ, ಸೆಕೆಂಡಿಗೆ 50 ಕಳಿಸುತ್ತಾರೆ. ಶೇ 1ರಷ್ಟು ನಷ್ಟವೆಂದರೆ ಎರಡು ಸೆಕೆಂಡಿಗೆ ಒಂದು ಹೋಯಿತು. ಅಷ್ಟನ್ನು ತಂತ್ರಾಂಶ ಹಿಂದುಮುಂದಿನ ಸದ್ದು ನೋಡಿ ತೇಪೆ ಹಾಕಿಬಿಡುತ್ತದೆ, ನಮ್ಮ ಕಿವಿಗೆ ಗೊತ್ತಾಗುವುದಿಲ್ಲ. ಅದೇ ಶೇ 1 ಬಿಡಿಬಿಡಿಯಾಗಿ ಬೀಳದೆ, ನಿಮಿಷಕ್ಕೊಮ್ಮೆ 30 ಪ್ಯಾಕೆಟ್ ಒಟ್ಟಿಗೇ ಬಿದ್ದರೆ ಅರ್ಧ ಸೆಕೆಂಡಿಗೂ ಹೆಚ್ಚು ಮಾತು ಮಾಯ. ಲೆಕ್ಕದಲ್ಲಿ ಎರಡೂ ಒಂದೇ, ಅನುಭವದಲ್ಲಿ ಅಲ್ಲ.

ಕಡತ ಇಳಿಸುವುದು, ವೆಬ್ ಪುಟ ತೆರೆಯುವುದು ಹೆಚ್ಚಾಗಿ ಟಿಸಿಪಿ ಎಂಬ ಕ್ರಮದಲ್ಲಿ ನಡೆಯುತ್ತದೆ. ಅಲ್ಲಿ ಕಳೆದದ್ದು ಮತ್ತೆ ಬರುತ್ತದೆ, ಆದರೆ ಇನ್ನೊಂದು ತೊಡಕಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎಲ್ಲರೂ ಕಳೆದದ್ದನ್ನೇ ಮತ್ತೆ ಮತ್ತೆ ಕಳಿಸಿ ದಾರಿಯನ್ನೇ ಕಟ್ಟಿಹಾಕಿದ್ದರು. ಅದಕ್ಕೆ ವ್ಯಾನ್ ಜೇಕಬ್ಸನ್ ಮದ್ದು ಹುಡುಕಿದರು: ಪ್ಯಾಕೆಟ್ ಕಳೆಯಿತೆಂದರೆ ದಾರಿಯಲ್ಲಿ ದಟ್ಟಣೆ ಇದೆ ಎಂದು ತಿಳಿದು ನಿಧಾನಿಸಬೇಕು. ಮದ್ದು ಇಂಟರ್ನೆಟ್ಟನ್ನು ಉಳಿಸಿತು. ಆದರೆ ಸಿಲ್ವರ್ ಮರದ ಕೊಂಬೆ ಬಿದ್ದು ತಂತಿ ಜಗ್ಗಿದ್ದರಿಂದ ಕಳೆದ ಪ್ಯಾಕೆಟ್ಟನ್ನೂ ಅದು ದಟ್ಟಣೆ ಎಂದೇ ಓದುತ್ತದೆ. ಹೋಗಿಬರಲು 40 ಮಿಲಿಸೆಕೆಂಡ್ ಹಿಡಿಯುವ ದಾರಿಯಲ್ಲಿ ಶೇ 1 ನಷ್ಟವಿದ್ದರೆ, ಹಳೆಯ ಕ್ರಮದ ಟಿಸಿಪಿಯ ಒಂದು ಸಂಪರ್ಕಕ್ಕೆ ಸಿಗುವುದು ಸುಮಾರು ಮೂರೂವರೆ ಎಂಬಿಪಿಎಸ್, ನೀವು 100ರ ಪ್ಲಾನಿಗೆ ದುಡ್ಡು ಕಟ್ಟಿದ್ದರೂ ಅಷ್ಟೇ. ನಷ್ಟ ಅದರ ನೂರನೇ ಒಂದಕ್ಕೆ ಇಳಿದರೆ ವೇಗ ಹತ್ತುಪಟ್ಟು ಏರುತ್ತದೆ. ಈಚಿನ ಕೆಲವು ಕ್ರಮಗಳು ಇಷ್ಟು ಅಂಜುಬುರುಕವಲ್ಲ. ಸ್ಪೀಡ್ ಟೆಸ್ಟುಗಳು ಏಕಕಾಲಕ್ಕೆ ಹಲವು ಸಂಪರ್ಕ ತೆರೆದು ಎಲ್ಲವನ್ನೂ ಕೂಡಿಸಿ ತೋರಿಸುವುದರಿಂದ ಈ ಹುಳುಕು ಮುಚ್ಚಿಹೋಗುತ್ತದೆ. ಕರೆ ತುಂಡಾಗುತ್ತದೆಂದು ಇನ್ನೂ ದುಬಾರಿ ಪ್ಲಾನಿಗೆ ಹೋಗುವುದು, ನನ್ನ ಮಟ್ಟಿಗೆ, ದುಡ್ಡು ದಂಡ.

ಹಾಗಾದರೆ ಅಳೆಯುವುದು ಹೇಗೆ? ‘ಪಿಂಗ್’ ಎಂಬ ಚಿಕ್ಕ ಸಾಧನ ಎಲ್ಲ ಕಂಪ್ಯೂಟರಿನಲ್ಲೂ ಇದೆ. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಅದನ್ನು 1983ರ ಡಿಸೆಂಬರಿನಲ್ಲಿ ಬರೆದರು. ಜಲಾಂತರ್ಗಾಮಿಯ ಸೋನಾರ್ ಸದ್ದಿನಿಂದ ಬಂದ ಹೆಸರು. ಒಂದು ಪ್ಯಾಕೆಟ್ ಕಳಿಸು, ಮಾರುತ್ತರಕ್ಕೆ ಕಾಯಿ, ಬಾರದಿದ್ದರೆ ಕಳೆಯಿತೆಂದು ಬರೆದುಕೋ, ಇಷ್ಟೇ ಅದರ ಕೆಲಸ. ವಿಂಡೋಸಿನಲ್ಲಿ ಅದು ನಾಲ್ಕೇ ಪ್ಯಾಕೆಟ್ ಕಳಿಸಿ ನಿಲ್ಲುತ್ತದೆ. ನಾಲ್ಕೂ ವಾಪಸು ಬಂದವೆಂದು ‘ಲೈನ್ ಕ್ಲಿಯರ್ ಇದೆ’ ಎನ್ನುವವರಿದ್ದಾರೆ. ಶೇ 1 ನಷ್ಟವಿರುವ ಲೈನಿನಲ್ಲಿ ನಾಲ್ಕರಲ್ಲಿ ಒಂದಾದರೂ ಬೀಳುವ ಸಾಧ್ಯತೆ ಶೇ 4ರಷ್ಟೇ. ನೂರು ಕಳಿಸಿದರೆ ಶೇ 63, ಮುನ್ನೂರು ಕಳಿಸಿದರೆ ಶೇ 95. ಅಂದರೆ ಮುನ್ನೂರಕ್ಕೆ ಕಡಿಮೆ ಕಳಿಸಿ ತೀರ್ಪು ಕೊಡಬಾರದು. ಸೆಕೆಂಡಿಗೊಂದರಂತೆ ಐದು ನಿಮಿಷ ಸಾಕು.

ಇನ್ನು ಕಳೆದದ್ದು ಎಲ್ಲಿ ಎಂಬ ಪ್ರಶ್ನೆ. ಸ್ಪ್ರಿಂಕ್ಲರ್ ಪೈಪಿನಲ್ಲಿ ಒತ್ತಡ ಇಳಿದರೆ ತೋಟದವರು ಮೊದಲು ಮೋಟಾರಿನ ಹತ್ತಿರ, ಆಮೇಲೆ ಒಂದೊಂದೇ ವಾಲ್ವಿನಲ್ಲಿ ನೋಡುತ್ತಾ ಹೋಗುತ್ತಾರೆ; ಇಲ್ಲಿಯೂ ಅದೇ ಕ್ರಮ. ಮೊದಲನೆಯದು ಮನೆಯ ರೂಟರ್. ಅದರ ವಿಳಾಸ ಹೆಚ್ಚಾಗಿ 192.168.1.1. ಅಲ್ಲಿಗೇ ಪ್ಯಾಕೆಟ್ ಕಳೆಯುತ್ತಿದ್ದರೆ ತಪ್ಪು ಮನೆಯೊಳಗೇ ಇದೆ. ಹಳೆಯ ತೊಟ್ಟಿಮನೆಗಳ ಮೊಳದಪ್ಪದ ಗೋಡೆ ದಾಟುವಷ್ಟರಲ್ಲಿ ವೈಫೈ ಸುಸ್ತಾಗಿರುತ್ತದೆ. ಕಂಪ್ಯೂಟರನ್ನು ಲ್ಯಾನ್ ಕೇಬಲ್ಲಿನಿಂದ ರೂಟರಿಗೆ ಕಟ್ಟಿ ಮತ್ತೊಮ್ಮೆ ಅಳೆಯಬೇಕು. ಕಾಲ್ ಸೆಂಟರಿನವರ ಮೊದಲ ನೆಪಕ್ಕೆ ಇದೇ ಉತ್ತರ: ‘ವೈಫೈ ಅಲ್ಲ, ಕೇಬಲ್ ಹಾಕಿ ನೋಡಿದ್ದೇನೆ.’

ಎರಡನೆಯದು ಮನೆಯಿಂದ ಕಂಪನಿಯ ಕೇಂದ್ರದವರೆಗಿನ ಲೈನ್. ಮಲೆನಾಡಿನ ಕಥೆಯಿರುವುದು ಇಲ್ಲಿ. ಫೈಬರ್ ಎಷ್ಟೋ ಕಡೆ ನೆಲದಡಿ ಬರುವುದಿಲ್ಲ. ಕರೆಂಟ್ ಕಂಬದಿಂದ ಕಂಬಕ್ಕೆ, ಕಂಬ ಸಿಗದಲ್ಲಿ ಮರದಿಂದ ಮರಕ್ಕೆ ತೂಗಿಕೊಂಡು ಬರುತ್ತದೆ. ಮರಗಸಿಯ ಕಾಲದಲ್ಲಿ ಕಡಿದ ಕೊಂಬೆ ಅದರ ಮೇಲೆ ಬೀಳುತ್ತದೆ, ಮುಸಿಯ ಜೋತಾಡುತ್ತದೆ, ಅಳಿಲು ಕಡಿಯುತ್ತದೆ. ಪೂರ್ತಿ ತುಂಡಾದರೆ ಮನೆಯ ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿ ಎಲ್ಲರಿಗೂ ಗೊತ್ತಾಗುತ್ತದೆ. ಕಷ್ಟ ಕೊಡುವುದು ಅರ್ಧ ಕೆಟ್ಟ ಲೈನ್. ಗಾಜಿನ ಎಳೆ ಬಿಗಿಯಾಗಿ ಬಾಗಿದರೆ ಬಾಗಿದಲ್ಲಿ ಬೆಳಕು ಸೋರುತ್ತದೆ. ಉದ್ದ ತರಂಗದ ಬೆಳಕು ಹೆಚ್ಚು ಸೋರುವುದರಿಂದ, ಮನೆಯತ್ತ ಬರುವ 1490 ನ್ಯಾನೊಮೀಟರಿನದು ಮನೆಯಿಂದ ಹೋಗುವ 1310ರದಕ್ಕಿಂತ ಬೇಗ ಸೊರಗುತ್ತದೆ. ಕೇಂದ್ರದಿಂದ ಹೊರಟ ಬೆಳಕನ್ನು ನಡುವೆ ಸ್ಪ್ಲಿಟರ್ 32 ಮನೆಗೆ ಹಂಚಿದರೆ, ಹಂಚಿಕೆಯ ನಷ್ಟವೂ ಸೇರಿ, ಆಗಲೇ ಪ್ರತಿ ಮನೆಯ ಪಾಲು ಐವತ್ತರಲ್ಲೊಂದಕ್ಕೆ ಇಳಿದಿರುತ್ತದೆ. ಮನೆಯ ಪೆಟ್ಟಿಗೆ ಓದಬಲ್ಲ ಕನಿಷ್ಠ ಮಟ್ಟ ಸಾಮಾನ್ಯವಾಗಿ ಮೈನಸ್ 27 ಡಿಬಿಎಂ, ಅಂದರೆ ಸುಮಾರು 2 ಮೈಕ್ರೊವಾಟ್. ಅದರ ಅಂಚಿನಲ್ಲಿ ನಿಂತ ಲೈನ್ ಗಾಳಿಗೆ ಒಮ್ಮೆ ಜೋಲಿ ಹೊಡೆದರೆ ಕೆಲವು ಬಿಟ್ ತಪ್ಪಾಗಿ ಓದಿಸಿಕೊಳ್ಳುತ್ತವೆ. ಒಂದು ಬಿಟ್ ಸರಿಪಡಿಸಲಾಗದಷ್ಟು ಕೆಟ್ಟರೂ ತಾಳೆ ಲೆಕ್ಕ ತಪ್ಪಿ ಇಡೀ ಪ್ಯಾಕೆಟ್ ತಿಪ್ಪೆಗೆ. ಬೆಳಕಿನ ಸೋರಿಕೆ ಪ್ಯಾಕೆಟ್ ನಷ್ಟವಾಗುವುದು ಹೀಗೆ.

ಅನೇಕ ಪೆಟ್ಟಿಗೆಗಳ ಒಳಪುಟದಲ್ಲಿ ಈ ಬೆಳಕಿನ ಅಂಕಿ ಕಾಣುತ್ತದೆ. ಬಿಸಿಲ ದಿನ ಮೈನಸ್ 21, ಪುಷ್ಯ ಮಳೆಯ ಗಾಳಿಯ ದಿನ ಮೈನಸ್ 27 ಇದ್ದರೆ ರೂಟರ್ ಆಫ್ ಆನ್ ಮಾಡಿ ಪ್ರಯೋಜನವಿಲ್ಲ. ಒಬ್ಬರು ಏಣಿ ಹಿಡಿದು ಬರಲೇಬೇಕು. ಬಂದವರ ಬಳಿ ಒಟಿಡಿಆರ್ ಯಂತ್ರವಿದ್ದರೆ ಅರ್ಧ ಕೆಲಸ ಮುಗಿದಂತೆ. ಅದು ಬೆಳಕಿನ ಮಿಣುಕೊಂದನ್ನು ಎಳೆಯೊಳಗೆ ಬಿಟ್ಟು ಮರಳುವ ಹೊತ್ತು ಎಣಿಸುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ.; 10 ಮೈಕ್ರೊಸೆಕೆಂಡಿಗೆ ಮರಳಿದರೆ ದೋಷ ಒಂದು ಕಿ.ಮೀ. ಆಚೆ ಇದೆ.

ಮೊಬೈಲ್ ಟವರಿನ ನೆಟ್ ನೆಚ್ಚಿಕೊಂಡವರ ಪಾಡು ಬೇರೆ. ಬೆಟ್ಟದ ಟವರುಗಳಲ್ಲಿ ಕೆಲವು ಮುಂದಿನ ಟವರಿಗೆ ಮೈಕ್ರೊವೇವ್ ತಟ್ಟೆಯಿಂದ ಜೋಡಿಸಿಕೊಂಡಿರುತ್ತವೆ. 10 ಗಿಗಾಹರ್ಟ್ಸ್ ಮೇಲಿನ ಅಲೆಗಳನ್ನು ಜಡಿಮಳೆ ಹೀರುತ್ತದೆ. ಮಳೆ ಬಿರುಸಾದಾಗ ಡಿಟಿಎಚ್ ಟಿವಿ ಚೌಕಚೌಕವಾಗುವುದೂ ಇದಕ್ಕೇ. ಫೋನಿನ ಕಡ್ಡಿ ತೋರಿಸುವುದು ಫೋನಿಗೂ ಟವರಿಗೂ ನಡುವಿನ ಸಂಬಂಧ ಮಾತ್ರ. ಹಾಗಾಗಿ ಕೊಟ್ಟಿಗೆಹಾರದಂಥ ಮಳೆಯೂರಲ್ಲಿ ಕಡ್ಡಿ ತುಂಬಿದ್ದರೂ ಕರೆ ಮುರಿಯಬಹುದು.

ಮೂರನೆಯದು ಕಂಪನಿಯ ಒಳದಾರಿ, ಊರಿನಿಂದ ಬೆಂಗಳೂರಿಗೋ ಮಂಗಳೂರಿಗೋ ಹೋಗುವ ದೊಡ್ಡ ಕೊಂಡಿ. ಅಲ್ಲಿ ಜಾಗ ಸಾಲದಿದ್ದರೆ ನಷ್ಟ ಮಳೆಯನ್ನು ಕೇಳುವುದಿಲ್ಲ, ಗಡಿಯಾರವನ್ನು ಕೇಳುತ್ತದೆ. ರಾತ್ರಿ ಎಂಟರಿಂದ ಹತ್ತು, ಊರೆಲ್ಲ ವಿಡಿಯೊ ನೋಡುವ ಹೊತ್ತಿಗೆ ಏರಿ, ಬೆಳಗಿನ ಜಾವ ಸೊನ್ನೆಯಾಗುತ್ತದೆ. ಆದ್ದರಿಂದ ಪಿಂಗ್ ಫಲಿತಾಂಶದ ಪಕ್ಕ ಗಂಟೆ, ಮಳೆಗಾಳಿ ಎರಡನ್ನೂ ಬರೆದಿಡಬೇಕು. ತೋಟದ ಮನೆಗಳಲ್ಲಿ ಮಳೆಯ ಇಂಚು ಬರೆದಿಡುವ ಪುಸ್ತಕ ಹೇಗೂ ಇದೆ. ಅದರಲ್ಲೇ ಒಂದು ಸಾಲು ಹೆಚ್ಚು.

ದಾರಿಯ ಒಂದೊಂದು ನಿಲ್ದಾಣವನ್ನೂ ತೋರಿಸುವ ಟ್ರೇಸ್‌ರೂಟ್ ಬಗೆಯ ಸಾಧನಗಳನ್ನು ಬಳಸುವವರು ಒಂದು ಕಡೆ ಎಡವುತ್ತಾರೆ. ನಡುವಿನ ಯಾವುದೋ ರೂಟರಿನ ಎದುರು ಶೇ 60 ನಷ್ಟ ಎಂದು ಕಂಡದ್ದೇ ಕಳ್ಳ ಸಿಕ್ಕಿದ ಎನ್ನುತ್ತಾರೆ. ದೊಡ್ಡ ರೂಟರುಗಳು ಪ್ಯಾಕೆಟ್ ದಾಟಿಸುವುದನ್ನು ಚುರುಕಾಗಿ ಮಾಡುತ್ತವೆ, ತಮಗೇ ಬಂದ ಪಿಂಗಿಗೆ ಉತ್ತರಿಸುವುದನ್ನು ಬೇಕೆಂದೇ ಕಡಿಮೆ ಮಾಡಿರುತ್ತವೆ. ಅದರ ಮುಂದಿನ ನಿಲ್ದಾಣಗಳಲ್ಲಿ ನಷ್ಟ ಸೊನ್ನೆಯಾದರೆ ಆ ಶೇ 60 ಲೆಕ್ಕಕ್ಕಿಲ್ಲ. ಒಂದು ಕಡೆ ಶುರುವಾಗಿ ಕೊನೆಯ ನಿಲ್ದಾಣದವರೆಗೂ ಉಳಿದದ್ದು ಮಾತ್ರ ನಿಜವಾದ ನಷ್ಟ. ಈ ತಪ್ಪು ಓದಿನೊಂದಿಗೆ ದೂರು ಕೊಟ್ಟರೆ ಕಂಪನಿಯ ಎಂಜಿನಿಯರ್ ಅದೊಂದನ್ನೇ ಹಿಡಿದು ಉಳಿದ ದೂರನ್ನೂ ತಳ್ಳಿಹಾಕುತ್ತಾನೆ.

ದೂರಿಗೆ ಕಾನೂನಿನ ಬಲವೂ ಇದೆ. ತಂತಿ ಸಂಪರ್ಕದ ಬ್ರಾಡ್‌ಬ್ಯಾಂಡಿನಲ್ಲಿ ಪ್ಯಾಕೆಟ್ ನಷ್ಟ ಶೇ 1ಕ್ಕಿಂತ ಕಡಿಮೆ ಇರಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2006ರಲ್ಲೇ ಗುಣಮಟ್ಟದ ನಿಯಮ ಮಾಡಿತು. 2024ರ ಅಕ್ಟೋಬರ್ 1ರಿಂದ ಪರಿಷ್ಕೃತ ನಿಯಮ ಜಾರಿಯಲ್ಲಿದೆ. 2012ರ ದೂರು ಪರಿಹಾರ ನಿಯಮದಂತೆ ಪ್ರತಿ ದೂರಿಗೂ ಡಾಕೆಟ್ ನಂಬರ್ ಕೊಡಬೇಕು, ಬಗೆಹರಿಯದಿದ್ದರೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು, 39 ದಿನದೊಳಗೆ ತೀರ್ಮಾನವಾಗಬೇಕು. ಮೇಲ್ಮನವಿಯಲ್ಲಿ ಸರಾಸರಿಯ ಮಾತು ಬಂದರೆ ಹುಷಾರು. ರಾತ್ರಿ ಎಂಟರಿಂದ ಒಂಬತ್ತರವರೆಗೆ ಶೇ 15 ನಷ್ಟ, ಉಳಿದ 23 ಗಂಟೆ ಸೊನ್ನೆ ಎಂದಿಟ್ಟುಕೊಳ್ಳಿ. ಮಗಳ ಆನ್‌ಲೈನ್ ಪಾಠ ಇರುವುದು ಆ ಒಂದು ಗಂಟೆಯಲ್ಲಿ. ಇಡೀ ದಿನದ ಸರಾಸರಿ ಮಾತ್ರ ಶೇ 0.6, ನಿಯಮದ ಒಳಗೇ. ಡಾಕೆಟ್ ನಂಬರಿನ ಜೊತೆ ಗಂಟೆವಾರು ಅಂಕಿ ಲಗತ್ತಿಸಬೇಕಾದದ್ದು ಅದಕ್ಕೇ.