ಹುಳಕ್ಕೂ ಒಂದು ಪಾಲು

ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಮೊಟಕು ಹೆಸರು ಬಿಟಿ. 1901ರಲ್ಲಿ ಜಪಾನಿನ ಇಶಿವಾಟಾ ಇದನ್ನು ರೋಗ ಬಿದ್ದ ರೇಷ್ಮೆಹುಳುಗಳಲ್ಲಿ ಕಂಡರು. ಹತ್ತು ವರ್ಷದ ಮೇಲೆ ಜರ್ಮನಿಯ ಬರ್ಲಿನರ್ ತುರಿಂಜಿಯಾ ಸೀಮೆಯ ಹಿಟ್ಟಿನ ಹುಳುವಿನಲ್ಲಿ ಮತ್ತೆ ಕಂಡು, ಆ ಸೀಮೆಯ ಹೆಸರನ್ನೇ ಇಟ್ಟರು. ಈ ಬ್ಯಾಕ್ಟೀರಿಯಾ ತಯಾರಿಸುವ ಒಂದು ಪ್ರೋಟೀನು ಕಾಯಿಕೊರಕ ಹುಳುಗಳಿಗೆ ವಿಷ. ಆ ಪ್ರೋಟೀನಿನ ಜೀನನ್ನು ಹತ್ತಿಗೆ ಸೇರಿಸಿದರೆ ಅದು ಬಿಟಿ ಹತ್ತಿ. ನಮ್ಮ ದೇಶದಲ್ಲಿ ಇದಕ್ಕೆ 2002ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ವಿಷ ಪ್ರೋಟೀನುಗಳಿರುವ ಬೋಲ್‌ಗಾರ್ಡ್-2 ಬಂದದ್ದು 2006ರಲ್ಲಿ. ರಸ ಹೀರುವ ಜಿಗಿಹುಳು, ನುಸಿಗಳಿಗೆ ಇದು ಏನೂ ಮಾಡುವುದಿಲ್ಲ. ಅದನ್ನು ಬಿಟಿಯ ಸೋಲು ಅಂದುಕೊಳ್ಳಬಾರದು. ವ್ಯಾಖ್ಯೆ ಇಷ್ಟು ಸಾಕು.

ಇನ್ನು ಪ್ರಶ್ನೆಗೆ ಬರೋಣ. ಬಮ್ಮಿಗಟ್ಟಿಯ ಕಡೆ ಭತ್ತ, ಗೋವಿನಜೋಳ, ಸೋಯಾದ ಜೊತೆಗೆ ಹತ್ತಿ ಹಾಕುವವರು ಕೇಳಿದರೂ, ಮೂಡಣಕ್ಕೆ ಕುಂದಗೋಳ, ಅಣ್ಣಿಗೇರಿಯ ಎರಿಹೊಲದವರು ಕೇಳಿದರೂ ಮಾತು ಒಂದೇ: "ಬಿಟಿ ಬೀಜಾನ ಹಾಕೇನ್ರಿ ಸರ, ಆದ್ರೂ ಕಾಯಾಗ ಹುಳ ಹೆಂಗ ಬಂತು?" ಉತ್ತರವನ್ನೂ ಅವರೇ ಕೊಟ್ಟುಕೊಂಡಿರುತ್ತಾರೆ: "ಹುಳಕ್ಕ ವಿಷ ರೂಢಿ ಆಗೇತಿ ಬಿಡ್ರಿ." ಗುಲಾಬಿ ಕಾಯಿಕೊರಕದ ವಿಷಯದಲ್ಲಿ ಜನ ಎಡವುವುದು ಇಲ್ಲೇ, ಈ 'ರೂಢಿ'ಯಲ್ಲಿ.

ಯಾವ ಹುಳಕ್ಕೂ ಬಿಟಿ ರೂಢಿಯಾಗುವುದಿಲ್ಲ. ತತ್ತಿಯೊಡೆದ ಹುಳ ಒಂದೆರಡು ಕಡಿತ ತಿಂದರೆ ಸಾಯುತ್ತದೆ, ಇಲ್ಲವೇ ಬದುಕುತ್ತದೆ. ದಿನಾ ಸ್ವಲ್ಪ ಸ್ವಲ್ಪ ತಿಂದು ಮೈಗೂಡಿಸಿಕೊಳ್ಳುವಷ್ಟು ಪುರಸೊತ್ತು ಅದಕ್ಕಿಲ್ಲ. ವಿಷ ಕೆಲಸ ಮಾಡುವ ರೀತಿ ಹೀಗಿದೆ: ಹುಳದ ಕರುಳಿನ ಕ್ಷಾರದಲ್ಲಿ ಪ್ರೋಟೀನು ಕರಗಿ, ಕತ್ತರಿಸಿಕೊಂಡು, ಕರುಳಿನ ಗೋಡೆಯ ಮೇಲಿನ ಒಂದು ನಿರ್ದಿಷ್ಟ ನೆಲೆಗೆ ಕೀಲಿಗೆ ಕೀಲಿಕೈ ಕೂತ ಹಾಗೆ ಹೋಗಿ ಕೂರುತ್ತದೆ. ಅಲ್ಲಿ ರಂಧ್ರ ಬೀಳುತ್ತದೆ, ಹುಳ ಸಾಯುತ್ತದೆ. (ಹತ್ತಿಕಾಳಿನ ಹಿಂಡಿ ತಿನ್ನುವ ಎಮ್ಮೆಯ ಗತಿಯೇನು ಎಂದು ಕೇಳದ ಸಭೆಯೇ ಇಲ್ಲ. ಎಮ್ಮೆಯ ಕರುಳಿನಲ್ಲಿ ಆ ನೆಲೆ ಇಲ್ಲ.) ಲಕ್ಷಾಂತರ ಹುಳಗಳ ನಡುವೆ ಎಲ್ಲೋ ಒಂದರಲ್ಲಿ ಹುಟ್ಟಿನಿಂದಲೇ ಆ ನೆಲೆಯ ಆಕಾರ ಕೆಟ್ಟಿರುತ್ತದೆ. ವಿಷಕ್ಕೆ ಕೂರಲು ಜಾಗವಿಲ್ಲ, ಹುಳ ಉಳಿಯುತ್ತದೆ. ಬಿಟಿ ಬರುವ ಮೊದಲೂ ಅಂಥ ಹುಳ ಇದ್ದವು. ಬಿಟಿ ಅವನ್ನು ಹುಟ್ಟಿಸಲಿಲ್ಲ, ಆರಿಸಿ ಉಳಿಸಿತು.

ಈಗ ನನಗೆ ಬಲು ಇಷ್ಟದ ಲೆಕ್ಕ. ಪ್ರತಿ ಹುಳದಲ್ಲೂ ಆ ನೆಲೆಯ ಜೀನಿನ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎರಡರಲ್ಲಿ ಒಂದು ಸರಿಯಿದ್ದರೂ ನೆಲೆ ತಯಾರಾಗುತ್ತದೆ, ವಿಷ ಕೂರುತ್ತದೆ, ಹುಳ ಸಾಯುತ್ತದೆ. ಬದುಕಬೇಕಾದರೆ ಎರಡೂ ಕೆಟ್ಟಿರಬೇಕು. ಸಾವಿರ ಪ್ರತಿಗಳಲ್ಲಿ ಒಂದು ಕೆಟ್ಟಿದೆ ಎಂದು ಹಿಡಿಯೋಣ. ಆಗ ಎರಡೂ ಕೆಟ್ಟ ಹುಳ ಸಿಗುವುದು ಹತ್ತು ಲಕ್ಷಕ್ಕೆ ಒಂದು. ಊರಿನ ತುಂಬಾ ಬಿಟಿ ಹತ್ತಿಯೇ ಇದ್ದರೆ ಬದುಕಿ ಪತಂಗವಾಗುವುದು ಅಂಥವು ಮಾತ್ರ. ಅವಕ್ಕೆ ಜೋಡಿಯೂ ಅಂಥವೇ. ಹುಟ್ಟುವ ಮರಿಗಳಲ್ಲೆಲ್ಲ ಎರಡೂ ಪ್ರತಿ ಕೆಟ್ಟವೇ. ಮುಂದಿನ ಪೀಳಿಗೆಗೆ ಬಿಟಿ ಹತ್ತಿ ಬರೀ ಹತ್ತಿ.

ಅದೇ ಹೊಲದ ಅಂಚಿನಲ್ಲಿ ಬಿಟಿ ಇಲ್ಲದ ನಾಲ್ಕು ಸಾಲು ಗಿಡ ಇದ್ದಿದ್ದರೆ? ಅಲ್ಲಿ ನೂರಾರು ಸಾದಾ ಹುಳಗಳು ನೆಮ್ಮದಿಯಾಗಿ ತಿಂದು ಪತಂಗವಾಗುತ್ತವೆ. ಬಿಟಿ ಸಾಲಿನಲ್ಲಿ ಪಾರಾದ ಒಂದು ಪತಂಗಕ್ಕೆ ಸುತ್ತ ಸಿಗುವ ಜೋಡಿಯೆಲ್ಲ ಸಾದಾ. ಆ ಸಂಬಂಧದಲ್ಲಿ ಹುಟ್ಟುವ ಪ್ರತಿ ಮರಿಗೂ ಒಂದು ಪ್ರತಿ ಕೆಟ್ಟದ್ದು, ಒಂದು ಸರಿಯಿದ್ದದ್ದು. ಬಿಟಿ ಗಿಡ ಕಡಿದರೆ ಸಾವೇ. ಹುಳಕ್ಕೆ ಒಂದು ಪಾಲು ಬಿಟ್ಟುಕೊಟ್ಟರೆ ಉಳಿದ ಪಾಲು ನಮಗೆ ಉಳಿಯುವುದು ಹೀಗೆ.

ಈ ಸಾಲುಗಳಿಗೆ ಆಶ್ರಯ ಬೆಳೆ ಎನ್ನುತ್ತಾರೆ. ಹೊಲದ ಸುತ್ತ ಐದು ಸಾಲು ಅಥವಾ ಒಟ್ಟು ಜಾಗದ ನೂರಕ್ಕೆ 20, ಯಾವುದು ಹೆಚ್ಚೋ ಅಷ್ಟು ಹಾಕಬೇಕೆಂಬುದು ನಿಯಮವಾಗಿತ್ತು. 450 ಗ್ರಾಂ ಬಿಟಿ ಬೀಜದ ಜೊತೆ ಬರುತ್ತಿದ್ದ 120 ಗ್ರಾಂನ ಸಣ್ಣ ಪಾಕೀಟು ಇದಕ್ಕಾಗಿಯೇ. ಅದು ಎಷ್ಟು ಹೊಲಗಳಲ್ಲಿ ಬದುವಿನ ಮೇಲೇ ಉಳಿಯಿತೆಂದು ನಿಮಗೆ ಗೊತ್ತು. ಎರಡು ಎಕರೆಯವನಿಗೆ ಹುಳ ಸಾಕಲು ಜಾಗ ಬಿಡು ಅಂದರೆ ಅವನು ನಗದೆ ಏನು ಮಾಡಿಯಾನು? ತಪ್ಪನ್ನೆಲ್ಲ ಅವನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಯಾಕೆ ಹಾಕಬೇಕೆಂದು ಕೂತು ಲೆಕ್ಕ ಬಿಡಿಸಿ ಹೇಳಿದವರು ಕಡಿಮೆ. ಈಚೆಗೆ ಬಿಟಿಯಿಲ್ಲದ ಬೀಜವನ್ನು ಅದೇ ಪಾಕೀಟಿನಲ್ಲಿ ಬೆರೆಸಿ 475 ಗ್ರಾಂ ಮಾಡಿ ಕೊಡುತ್ತಿದ್ದಾರೆ; ರೈತ ಒಪ್ಪಲಿ ಬಿಡಲಿ, ಆಶ್ರಯ ಹೊಲಕ್ಕೆ ಬೀಳುತ್ತದೆ. ಅಷ್ಟು ಹೊತ್ತಿಗೆ ತಡವಾಗಿತ್ತು. ಮೊದಲ ಬಿಟಿ ಪ್ರೋಟೀನಿಗೆ ಗುಜರಾತಿನ ಗುಲಾಬಿ ಹುಳ ಸೊಪ್ಪು ಹಾಕುತ್ತಿಲ್ಲವೆಂದು 2010ರಲ್ಲಿ ಬಿಟಿ ಬೀಜದ ಕಂಪನಿಯೇ ಒಪ್ಪಿತು. ಆಮೇಲಿನ ವರ್ಷಗಳಲ್ಲಿ ಬೋಲ್‌ಗಾರ್ಡ್-2 ಕೂಡ ಮಧ್ಯ ಮತ್ತು ದಕ್ಷಿಣ ಭಾರತದಲ್ಲಿ ಅದರ ಮುಂದೆ ಸೋತಿತು.

ಇದೇ ಹತ್ತಿಯನ್ನು ತಿನ್ನುವ ಹಸಿರು ಕಾಯಿಕೊರಕ ಮಾತ್ರ ಬಿಟಿಯನ್ನು ಹೀಗೆ ಸೋಲಿಸಲಿಲ್ಲ. ಯಾಕೆ? ಅದು ಕಡಲೆ ತಿನ್ನುತ್ತದೆ, ತೊಗರಿ ತಿನ್ನುತ್ತದೆ, ಟೊಮೆಟೊ ತಿನ್ನುತ್ತದೆ. ನವಲಗುಂದ, ಅಣ್ಣಿಗೇರಿಯ ಹಿಂಗಾರಿ ಕಡಲೆ ಹೊಲಗಳಲ್ಲಿ ನೀವು ಶಪಿಸುತ್ತ ಎಣ್ಣಿ ಹೊಡೆಯುವ ಕೀಡಿ ಇದೇ. ಆ ಹೊಲಗಳೆಲ್ಲ ಯಾರೂ ಹೇಳದೆ, ಯಾರೂ ಕೇಳದೆ ಆಶ್ರಯ ಬೆಳೆಯಾಗಿ ನಿಂತಿವೆ. ಗುಲಾಬಿ ಹುಳಕ್ಕೆ ನಮ್ಮಲ್ಲಿ ಹತ್ತಿ ಬಿಟ್ಟರೆ ಬೇರೆ ಊಟವಿಲ್ಲವೆಂದೇ ಹೇಳಬಹುದು. ಬಿಟಿಯೇ ತುಂಬಿದ ನಾಡಿನಲ್ಲಿ ಅದಕ್ಕೆ ಸಾದಾ ನೆಂಟರೇ ಉಳಿಯಲಿಲ್ಲ.

ಇನ್ನೊಂದು ಸಿಕ್ಕು ನಮ್ಮ ಹೆಮ್ಮೆಯಿಂದಲೇ ಬಂದದ್ದು. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರ್ಕಿಯವರು ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ಕೊಟ್ಟರು. 1981ರಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿ ಬಂತು. ಹೂವಿಗೆ ಹೂ ಕೈಯಿಂದ ಕ್ರಾಸಿಂಗ್ ಮಾಡಿ ಬೀಜ ತೆಗೆಯುವ ಕಸುಬು ಬೆಳೆಯಿತು, ನಾವು ಹೈಬ್ರಿಡ್ ನಾಡಾದೆವು. ಬಿಟಿಯೂ ಇಲ್ಲಿಗೆ ಹೈಬ್ರಿಡ್ ಆಗಿಯೇ ಬಂತು. ಹೈಬ್ರಿಡ್ ಗಿಡಕ್ಕೆ ಬಿಟಿ ಜೀನು ಒಂದೇ ಕಡೆಯಿಂದ ಬಂದಿದ್ದರೆ, ಅದರ ಕಾಯಿಯೊಳಗಿನ ಕಾಳುಗಳಲ್ಲಿ ನಾಲ್ಕಕ್ಕೆ ಒಂದರಲ್ಲಿ ಆ ಜೀನು ಇರುವುದಿಲ್ಲ. ಗುಲಾಬಿ ಹುಳ ಬದುಕುವುದೇ ಕಾಳು ತಿಂದು. ಒಂದು ಕಾಳಿನಲ್ಲಿ ವಿಷ, ಪಕ್ಕದ್ದರಲ್ಲಿ ಇಲ್ಲ. ಒಂದೇ ಪ್ರತಿ ಕೆಟ್ಟ ಹುಳವೂ ಇಂಥ ಕಾಯಿಯಲ್ಲಿ ಪಾರಾಗುವ ಸಂಭವವಿದೆ. ನಮ್ಮಲ್ಲಿ ನಿರೋಧ ಇಷ್ಟು ಬೇಗ ಹಬ್ಬಲು ಇದೂ ಕಾರಣವೆಂದು ಕೀಟತಜ್ಞರು ಹೇಳುತ್ತಾರೆ.

ಚೀನಾದ ಯಾಂಗ್‌ಟ್ಸಿ ಕಣಿವೆಯಲ್ಲಿ ಇದೇ ನಾಲ್ಕಕ್ಕೆ ಒಂದರ ಲೆಕ್ಕ ಬೇರೆ ಫಲ ಕೊಟ್ಟಿತು. ಅಲ್ಲಿನ ರೈತರು ಹೈಬ್ರಿಡ್ಡಿನ ಎರಡನೇ ಪೀಳಿಗೆಯ ಬೀಜ ಬಿತ್ತಿದರು. ಹೊಲದಲ್ಲಿ ನಾಲ್ಕಕ್ಕೆ ಒಂದು ಗಿಡ ಬಿಟಿಯಿಲ್ಲದ್ದಾಯಿತು, ಬೇಡದೆಯೇ ಆಶ್ರಯ ಸಿಕ್ಕಿತು, ಏರುತ್ತಿದ್ದ ನಿರೋಧ ಇಳಿಯಿತು. 2017ರಲ್ಲಿ ಈ ವರದಿ ಓದಿದಾಗ ನನಗಾದ ಖುಷಿ ಹೇಳತೀರದು. ಅಮೆರಿಕದ ಅರಿಜೋನಾದವರು ಆಶ್ರಯ ಬೆಳೆಯನ್ನು ವರ್ಷಗಟ್ಟಲೆ ಶಿಸ್ತಿನಿಂದ ಪಾಲಿಸಿ, 2006ರಿಂದ ಅದರ ಬದಲು ಸಂತಾನಶಕ್ತಿ ಕಳೆದ ಪತಂಗಗಳನ್ನು ವಿಮಾನದಿಂದ ಚೆಲ್ಲಿದರು. ಪಾರಾದ ಪತಂಗಕ್ಕೆ ಜೋಡಿ ಸಿಗುತ್ತದೆ, ಮರಿ ಹುಟ್ಟುವುದಿಲ್ಲ. 2018ರ ಅಕ್ಟೋಬರಿನಲ್ಲಿ ಅಮೆರಿಕದ ಹತ್ತಿ ಸೀಮೆಯಿಂದ ಈ ಹುಳ ನಿರ್ಮೂಲವಾಯಿತೆಂದು ಅಲ್ಲಿನ ಸರ್ಕಾರ ಘೋಷಿಸಿತು.

ನಮ್ಮಲ್ಲಿ ಈಗ ಬಂದಿರುವ ಹೊಸ ಉಪಾಯ ಹೆಣ್ಣು ಪತಂಗದ ವಾಸನೆಯದು. ಗಾಸಿಪ್ಲೂರ್ ಎಂಬ ಈ ವಸ್ತುವನ್ನು 1973ರಲ್ಲೇ ಗುರುತಿಸಿದ್ದರು. ಅದನ್ನು ಗಿಡಗಳಿಗೆ ಅಲ್ಲಲ್ಲಿ ಕಟ್ಟಿದರೆ ಹೊಲವೆಲ್ಲ ವಾಸನೆ ತುಂಬಿ ಗಂಡಿಗೆ ಹೆಣ್ಣು ಎಲ್ಲಿದ್ದಾಳೆಂದು ತಿಳಿಯುವುದಿಲ್ಲ. ಒಬ್ಬನೇ ಕಟ್ಟಿದರೆ ದಂಡ. ಪಕ್ಕದ ಹೊಲದಲ್ಲಿ ಕೂಡಿದ ಹೆಣ್ಣು ಹಾರಿ ಬಂದು ತತ್ತಿ ಇಟ್ಟುಹೋಗುತ್ತದೆ. ಕೊನೆಯ ಬಿಡಿಸುವಿಕೆಯ ಆಸೆಗೆ ಸಂಕ್ರಾಂತಿ ದಾಟಿ ಬೆಳೆ ನಿಲ್ಲಿಸುವುದು, ಹತ್ತಿಕಟಿಗಿಯನ್ನು ಬಣವೆ ಹಾಕಿ ಇಡುವುದು, ಇವೆರಡೂ ಹುಳಕ್ಕೆ ಮುಂದಿನ ಮುಂಗಾರಿನವರೆಗೆ ಮನೆ ಕಟ್ಟಿಕೊಟ್ಟಂತೆಯೇ.

ಕಲಘಟಗಿ, ನವಲಗುಂದದ ಪಿಯು ವಿದ್ಯಾರ್ಥಿಗಳಿಗೂ ಅವರ ಮೇಷ್ಟ್ರುಗಳಿಗೂ ನನ್ನದೊಂದು ಕೋರಿಕೆ ಇದೆ. ಮೆಂಡೆಲನ ಬಟಾಣಿ ಪಾಠ ಬಂದಾಗ ಬಟಾಣಿ ಬಿಟ್ಟು ಈ ಹುಳದ ಲೆಕ್ಕ ಮಾಡಿರಿ. ಹೂವಾದ ಮೇಲೆ ವಾರಕ್ಕೊಮ್ಮೆ ಎಕರೆಗೆ 20 ಹಸಿರು ಕಾಯಿ ಕಿತ್ತು ಒಡೆಯಿರಿ; ಹುಳ ಒಳಹೊಕ್ಕ ತೂತು ಮುಚ್ಚಿಕೊಳ್ಳುವುದರಿಂದ ಹೊರಗಿನಿಂದ ಏನೂ ಕಾಣುವುದಿಲ್ಲ. ಎರಡರಲ್ಲಿ ಹುಳ ಕಂಡರೆ ಔಷಧದ ಹೊತ್ತು ಬಂತು. ತಾರೀಖು, ಹೊಲ, ಬೀಜದ ಹೆಸರು, ಎಷ್ಟು ಕಾಯಲ್ಲಿ ಹುಳ, ಎಲ್ಲ ಬರೆದಿಡಿ. ಮೂರು ಹಂಗಾಮಿನ ಇಂಥ ಪುಸ್ತಕವನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರ ಮುಂದೆ ಇಟ್ಟು ನೋಡಿ, ಅವರೇ ನಿಮ್ಮನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ.